ಅವಳನ್ನು ಕೂರಿಸಿಕೊಂಡು ಹೋಗಬಹುದಾದ ದಾರಿ

ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಅಂಚಿಗಿಂತ ಒಂದು ಬೆರಳು ಕೆಳಗಿರಬೇಕು. ಅದಕ್ಕಿಂತ ಹೆಚ್ಚು ಹಾಕಿದರೆ ಡಾಂಬರು ರಸ್ತೆಯಲ್ಲೂ ಚೆಲ್ಲುತ್ತದೆ. ಕಡಿಮೆ ಹಾಕಿದರೆ ಎಂಥ ದಾರಿಯೂ ಒಳ್ಳೆಯ ದಾರಿ ಅನ್ನಿಸಿಬಿಡುತ್ತದೆ. ಗಾಡಿ ನಡೆಯುತ್ತಿರುವಾಗ ಎಡಗಡೆ ಸೀಟಿನಲ್ಲಿ ಕೂತವಳು ಅದನ್ನು ಬಟ್ಟೆಗೆ ಬೀಳಿಸಿಕೊಳ್ಳದೆ ಕುಡಿದು ಮುಗಿಸಿದರೆ ಅದು ಚಹಾ ದಾರಿ. ಮಾತಾಡಲು ಹೋದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಿದ್ದರೆ ಹಲ್ಲಿನ ದಾರಿ. ಒಬ್ಬರು ಇಳಿದು ಮುಂದೆ ನಡೆಯದೆ ಗಾಡಿಯನ್ನು ಬಿಡಲೇಬಾರದು ಅನ್ನುವಂಥದ್ದು ಇಳಿಯುವ ದಾರಿ.

ಈ ವಿಂಗಡಣೆ ನನ್ನ ಗೆಳತಿಯದು. ಪದವಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಆಮೇಲೆ ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡಿ ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅವಳು ಹರಿಹರದಲ್ಲಿ ತನ್ನ ತಂದೆಯ ಅಂಗಡಿಯಲ್ಲಿ ಕೂತಳು. ಗಾಡಿಗಳ ಸೀಟಿಗೆ ಕವರ್ ಹೊಲಿಯುವ ಅಂಗಡಿ ಅದು. ನನ್ನ ಅಪ್ಪನದು ಪೈಪು ಮತ್ತು ಪಂಪುಗಳ ವ್ಯಾಪಾರ. ಅವರ ಪಿಕಪ್ ವಾರವೆಲ್ಲ ಹೊಲಗದ್ದೆಗಳಿಗೆ ಪೈಪು ಹೊರುತ್ತಿತ್ತು, ಭಾನುವಾರ ನಮ್ಮ ಕೈಗೆ ಸಿಗುತ್ತಿತ್ತು. ಬಾತಿಯ ಗುಡ್ಡದ ಸುತ್ತ, ನಾಲೆಯ ಏರಿಗಳ ಮೇಲೆ, ಹೊಳೆಗೆ ಮರಳಿಗಾಗಿ ಇಳಿಯುತ್ತಿದ್ದ ಹಳೆಯ ಜಾಡುಗಳಲ್ಲಿ, ಎಲ್ಲಿಯವರೆಗೆ ಹೋಗಬಹುದು ಎಂದು ನೋಡುವುದೇ ನಮ್ಮ ಕೆಲಸ.

ನಾನು ಓಡಿಸುತ್ತಿದ್ದೆ, ಅವಳು ಮುಂದೆ ನಡೆಯುತ್ತಿದ್ದಳು. ನಡೆಯುವವಳ ಮಾತೇ ಕೊನೆಯದು ಎಂಬುದು ನಮ್ಮ ಕಟ್ಟಳೆ. ಚಪ್ಪಲಿ ಬಿಚ್ಚಿ ಹಿಮ್ಮಡಿಯಿಂದ ಮಣ್ಣನ್ನು ಒತ್ತಿ ನೋಡುವಳು. ಕಲ್ಲಿನ ಎತ್ತರವನ್ನು ತನ್ನ ಕಾಲಿಗೆ ಹೋಲಿಸಿ ಅಳೆಯುವಳು. ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು, ಗಾಲಿ ಯಾವ ಕಡೆಗೆ ಬರಬೇಕೋ ಆ ಕಡೆಗೆ ಕೈ ಚಾಚುವಳು. ಎರಡೂ ಕೈ ಎದೆಯ ಮುಂದೆ ಅಡ್ಡ ಇಟ್ಟರೆ ಮುಗಿಯಿತು, ವಾದವಿಲ್ಲ, ಗಾಡಿ ಹಿಂದಕ್ಕೆ.

ನಂದಿಗುಡಿಯ ಕಡೆ ಗದ್ದೆಗಳ ನಡುವಿನಿಂದ ಏಳುವ ಒಂದು ಕಲ್ಲುಗುಡ್ಡಕ್ಕೆ ಹೋದಾಗಲೂ ಅವಳು ಹಾಗೆಯೇ ಕೈ ಅಡ್ಡ ಇಟ್ಟಳು. ತುದಿಯಲ್ಲಿ ಒಂದು ಚಪ್ಪಟೆ ಬಂಡೆ ಇದೆ, ಅಲ್ಲಿ ನಿಂತರೆ ತುಂಗಭದ್ರೆ ಬಳಸಿಕೊಂಡು ಹೋಗುವುದು ಎರಡು ಕಡೆಯೂ ಕಾಣುತ್ತದೆ ಎಂದು ಕುರಿ ಕಾಯುವವರು ಯಾರೋ ಹೇಳಿದ್ದರು. ಅರ್ಧ ಗುಡ್ಡದಲ್ಲಿ ಮೆಟ್ಟಿಲಿನಂತೆ ಒಂದು ಕಲ್ಲು ಅಡ್ಡ ಬಂತು.

"ಲೇ, ನಿನ್ನ ಗಾಡಿ ಹೊಟ್ಟೆ ನನ್ನ ಮೊಣಕಾಲಿಗಿಂತ ಕೆಳಗೈತೆ. ಈ ಕಲ್ಲು ಮೊಣಕಾಲಿಗೆ ಬರತೈತೆ. ಇನ್ನೇನು ಲೆಕ್ಕ ಹಾಕ್ತೀಯ, ಗಣಿತದ ಮೇಡಂ?"

"ನಡ್ಕಂಡು ಹೋಗಾನ ಹಂಗಾರೆ. ಇನ್ನೆಷ್ಟು ದೂರ ಐತೆ?"

"ಬ್ಯಾಡ. ನಡ್ಕಂಡು ಹೋಗಂಗಿದ್ರೆ ಬಸ್ಸಿಗೆ ಬರ್ತಿದ್ವಿ. ಗಾಡಿ ಹತ್ತಬೇಕು, ಆವಾಗ ನೋಡಬೇಕು. ಮುಂದಿನ ಸಲ."

ಆ ಮುಂದಿನ ಸಲಕ್ಕಾಗಿ ಪಿಕಪ್ಪಿಗೆ ಸ್ವಲ್ಪ ಕೆಲಸ ಮಾಡಿಸಿದೆವು. ಹಿಂದಿನ ಪಾಟಾಕ್ಕೆ, ಅಂದರೆ ಭಾರ ಹೊರುವ ಕಮಾನುಪಟ್ಟಿಗಳ ಕಟ್ಟಿಗೆ, ಒಂದು ಪಟ್ಟಿ ಹೆಚ್ಚು. ಹಿಂದೆ ಎರಡು ಬಟನ್ ಟೈರು, ಕಲ್ಲು ಮಣ್ಣು ಕಚ್ಚಿ ಹಿಡಿಯುವ ದಪ್ಪ ಉಬ್ಬುಗಳದ್ದು. ಎಂಜಿನ್ನಿನ ಎಣ್ಣೆ ಚೇಂಬರಿಗೆ ಕಲ್ಲು ತಾಗದಂತೆ ಕೆಳಗೆ ಒಂದು ದಪ್ಪ ಕಬ್ಬಿಣದ ತಗಡು. ಅಷ್ಟೇ. ನಾಲ್ಕೂ ಗಾಲಿ ಎಳೆಯುವ ಗಾಡಿಯೇನೂ ಅದಾಗಲಿಲ್ಲ. ಮೊದಲಿನಂತೆ ಹಿಂದಿನ ಎರಡು ಗಾಲಿಗಳೇ ಅದನ್ನು ದೂಡಬೇಕಿತ್ತು. ಹೊಲದ ದಾರಿಗೆ ಅನುಕೂಲ ಎಂದು ಹೇಳಿ ಅಪ್ಪನನ್ನು ಒಪ್ಪಿಸಿದ್ದೆ. ಅವರಿಗೆ ನಿಜ ಗೊತ್ತಿತ್ತು. "ನಾನು ಪೈಪು ಹೊರಾಕ ಗಾಡಿ ತಗಂಡ್ರೆ ನೀವಿಬ್ರು ಅದನ್ನ ಆಡು ಮಾಡಾಕ ಹೊಂಟೀರಿ" ಎಂದಿದ್ದರು.

ಟೈರು ಹಾಕಿಸಿದ ತಿಂಗಳೇ ಹರಿಹರದಲ್ಲಿ ಅವಳ ಸ್ಕೂಟರಿಗೆ ನಾಯಿ ಅಡ್ಡ ಬಂತು. ಬೆನ್ನುಮೂಳೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯಾಯಿತು. ವರ್ಷ ಕಳೆಯುವ ಹೊತ್ತಿಗೆ ಅವಳು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು, ವಾಕರ್ ಹಿಡಿದು, ಅಡುಗೆಮನೆಯಿಂದ ಬಾಗಿಲವರೆಗೆ ನಡೆಯುವಂತಾದಳು. ಕೂರಬಹುದು. ಕಾರಿನಲ್ಲಿ ಹೋಗಬಹುದು. ಜರ್ಕ್ ಮಾತ್ರ ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಹರಿಹರದ ಬೀದಿಗಳಲ್ಲಿ ಜರ್ಕ್ ಆಗದ ಹಾಗೆ ಹೋಗುವುದು ಹೇಗೆಂದು ಅವರು ಹೇಳಲಿಲ್ಲ. ಹಾಗಾಗಿ ಅವಳು ಆಸ್ಪತ್ರೆ ಬಿಟ್ಟರೆ ಮನೆಯಲ್ಲೇ ಇದ್ದಳು.

ಆ ವರ್ಷ ನಾನು ಕೆಲವು ಭಾನುವಾರಗಳಲ್ಲಿ, ವಾರದಲ್ಲಿ ಅಪ್ಪನ ಡ್ರೈವರು ಬಾರದೆ ಉಳಿದುಹೋದ ಪೈಪು ಇಳಿಸಿ ಬರಲು ಒಬ್ಬಳೇ ಹೋಗುತ್ತಿದ್ದೆ. ಗಾಡಿ ಮೊದಲಿಗಿಂತ ಚೆನ್ನಾಗಿ ಹೋಗುತ್ತಿತ್ತು. ಹಿಂದೆ ಕೆಳಗೆ ಇಳಿದು ನೋಡಬೇಕಾಗಿದ್ದ ಜಾಗಗಳನ್ನು ಈಗ ಸೀಟಿನಿಂದಲೇ ದಾಟಿಬಿಡುತ್ತಿದ್ದೆ. ಆದರೆ ಯಾವುದಾದರೂ ಹಳ್ಳದ ದಂಡೆಗೆ ಬಂದು ಗಾಡಿ ನಿಲ್ಲಿಸಿದಾಗ, ಬಾನೆಟ್ಟಿನ ಆಚೆ ನನ್ನ ಕಣ್ಣು ಒಂದು ಬೆನ್ನನ್ನು ಹುಡುಕುತ್ತಿತ್ತು. ಬಗ್ಗಿ ಕಲ್ಲು ಮುಟ್ಟಿ, ಎದ್ದು, ತಿರುಗಿ ನೋಡದೆಯೇ ಕೈ ಚಾಚುವ ಬೆನ್ನು. ಅವಳು ತಿರುಗಿ ನೋಡುತ್ತಲೇ ಇರಲಿಲ್ಲ. ನಾನು ನೋಡುತ್ತಿರುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಈ ಮಾತನ್ನು ನಾನು ಅವಳಿಗೆ ಹೇಳಿದವಳಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದೆ, ಕಾಲೇಜಿನ ಸುದ್ದಿ ಹೇಳುತ್ತಿದ್ದೆ, ಅವಳ ಅಮ್ಮಿ ಕೊಟ್ಟ ಚಹಾ ಕುಡಿದು ಬರುತ್ತಿದ್ದೆ. ದಾರಿಗಳ ಸುದ್ದಿಯನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅವಳೇ ಎತ್ತಿದಳು. ಹುಬ್ಬಳ್ಳಿಯಲ್ಲಿ ಅವಳ ಅಕ್ಕನ ಮನೆ. ಅಲ್ಲಿದ್ದುಕೊಂಡು ದಿನಾ ವ್ಯಾಯಾಮದ ಚಿಕಿತ್ಸೆ ಮಾಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮುಂದಿನ ಗುರುವಾರ ಹೊರಡುವುದು. ಎಷ್ಟು ಕಾಲ ಎಂದು ಕೇಳಿದೆ.

"ಯಾರಿಗೆ ಗೊತ್ತು? ಅಕ್ಕ ಅಲ್ಲೇ ಅಂಗಡಿ ಹಾಕ್ಕೊಡ್ತೀನಿ ಅಂತಾಳೆ. ನನ್ನ ಹೊಲಿಗೆ ಮಿಷನ್ನೂ ಕಳಿಸ್ತಾರಂತೆ." ಮಿಷನ್ ಹೋಗುತ್ತದೆ ಎಂದರೆ ಏನೆಂದು ಇಬ್ಬರಿಗೂ ಅರ್ಥವಾಯಿತು. ಅವಳು, "ಆ ಗುಡ್ಡ ಒಂದು ಬಾಕಿ ಉಳೀತಲ್ಲೇ" ಎಂದಳು.

ನಾನು ಅವಳ ವಾಕರ್ ಕಡೆ ನೋಡಿದೆ.

"ನಡ್ಯಾಕೆ ನನಗಾಗಲ್ಲ. ಈ ಸಲ ನೀನೇ ನಡಿ, ನೀನೇ ಹೇಳು. ಆದ್ರೆ ಪಾಪ ಅಂತ ಹ್ಞೂಂ ಅನ್ನಬ್ಯಾಡ. ಹೆದರಿ ಉಹ್ಞೂಂ ಅನ್ನಬ್ಯಾಡ. ದಾರಿ ನೋಡಿ ಹೇಳು."

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ, ಅಪ್ಪನನ್ನು ಕೇಳಿ ಪಿಕಪ್ ತೆಗೆದುಕೊಂಡು ಗುಡ್ಡಕ್ಕೆ ಹೋದೆ. ಅಲ್ಲಿ ನಿಂತ ಮೇಲೆ ತಿಳಿಯಿತು, ನಾನು ಇದುವರೆಗೆ ಕಲಿತದ್ದೆಲ್ಲ ಬೇರೆ ಪ್ರಶ್ನೆಗೆ ಉತ್ತರ ಎಂದು. ಗಾಡಿ ಹತ್ತುತ್ತದೆಯೇ ಎನ್ನುವುದು ಒಂದು. ಗಾಡಿ ಹತ್ತುವಾಗ ಎಡಗಡೆ ಸೀಟಿನಲ್ಲಿ ಏನಾಗುತ್ತದೆ ಎನ್ನುವುದು ಇನ್ನೊಂದು. ಹತ್ತಲೆಂದು ಹಾಕಿಸಿದ ಹೆಚ್ಚಿನ ಪಟ್ಟಿಯೇ ಖಾಲಿ ಗಾಡಿಯನ್ನು ಕುದುರೆಯಂತೆ ಕುಣಿಸುತ್ತಿತ್ತು. ಅವಳು ಮನೆಯಲ್ಲಿ ಕೂತೇ ನಾಲ್ಕು ಪದರ ಸ್ಪಂಜು ಸೇರಿಸಿ ಒಂದು ದಿಂಬು ಹೊಲಿದು ಕೊಟ್ಟಿದ್ದಳು. ಅದನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು ಹೊರಟೆ. ಮೊದಲ ತಿರುವಿಗೇ ದಿಂಬು ಒದ್ದೆಯಾಯಿತು.

ಖಾಲಿ ಚೀಲಗಳನ್ನು ತಂದಿದ್ದೆ; ಭಾರ ಬಿದ್ದರೆ ಪಾಟಾ ಮೆತ್ತಗಾಗುತ್ತದೆ ಎಂದು ಅವಕ್ಕೆ ಮಣ್ಣು ತುಂಬಿ ಹಿಂದೆ ಹೇರಿದೆ. ಚೀಲ ಜೋಡಿಸಿದ ಮೇಲೆ ಕುಣಿತ ನಿಂತಿತು, ಆದರೆ ಗಾಡಿ ತಗ್ಗಿ, ಆ ಮೆಟ್ಟಿಲು ಕಲ್ಲಿಗೆ ತಗಡು ಉಜ್ಜಿತು. ಅರ್ಧ ಚೀಲಗಳನ್ನು ಇಳಿಸಿ, ಆ ಕಲ್ಲಿನ ಬುಡಕ್ಕೆ ಇಳಿಜಾರಾಗಿ ಒತ್ತಿಟ್ಟೆ. ಟೈರಿನ ಗಾಳಿಯನ್ನು ಸ್ವಲ್ಪ ಬಿಟ್ಟೆ. ಗಾಲಿ ಕಲ್ಲಿನ ಮೇಲೆ ಹಾರುವ ಬದಲು ಅದನ್ನು ಅಪ್ಪಿಕೊಂಡು ಹತ್ತಿತು. ಒಂದನೇ ಗೇರಿನಲ್ಲಿ, ಇರುವೆ ಹೋದ ಹಾಗೆ ಹೋದರೆ ತಂಬಿಗೆಯ ನೀರು ಅಲುಗಿತು, ಚೆಲ್ಲಲಿಲ್ಲ. ಮುಂದೆ ನಡೆಯಲು ಯಾರೂ ಇರುವುದಿಲ್ಲವಾದ್ದರಿಂದ, ಎಡಗಾಲಿ ಹಾಯಬೇಕಾದ ಕಲ್ಲುಗಳ ಮೇಲೆಲ್ಲ ಸುಣ್ಣದ ಬೊಟ್ಟು ಇಡುತ್ತ ಹೋದೆ. ಹಾಗೆ ಇಡುವಾಗ ಬಗ್ಗಿ ಎದ್ದು ಬಗ್ಗಿ ಎದ್ದು ಸೊಂಟ ಹಿಡಿಯಿತು. ಇಷ್ಟು ಭಾನುವಾರ ಅವಳು ಇದನ್ನು ಹೇಗೆ ಮಾಡುತ್ತಿದ್ದಳೋ ಎಂದುಕೊಂಡೆ.

ಚಪ್ಪಟೆ ಬಂಡೆಯ ಕೆಳಗೆ ಗಾಡಿ ತಿರುಗಿಸಲು ಜಾಗವಿತ್ತು. ಅಲ್ಲಿಂದ ಮೂರು ನಾಲ್ಕು ಹೆಜ್ಜೆ, ಕೈ ಹಿಡಿದರೆ ಅವಳು ಇಡಬಲ್ಲಳು. ನಾನು ಅಲ್ಲಿಂದಲೇ ಗಾಡಿ ತಿರುಗಿಸಿದೆ. ಇಳಿಯುವಾಗಲೂ ತಂಬಿಗೆ ಚೆಲ್ಲಲಿಲ್ಲ. ಆಕಾಶ ನೋಡಿದೆ, ಒಂದು ಮೋಡವಿರಲಿಲ್ಲ. ಗುಡ್ಡದ ಬುಡದಲ್ಲಿ, ನಾಲೆಗೂ ಗುಡ್ಡಕ್ಕೂ ನಡುವೆ ಗದ್ದೆಗಳನ್ನು ಹಾದು ಬರುವ ಎರೆಮಣ್ಣಿನ ತುಂಡು ದಾರಿ ಒಣಗಿ ಬಿರುಕು ಬಿಟ್ಟಿತ್ತು, ಸಿಮೆಂಟಿನಷ್ಟು ಗಟ್ಟಿ. ಅದನ್ನು ನಾನು ನಡೆದೂ ನೋಡಲಿಲ್ಲ. ಸಂಜೆ ಅವಳಿಗೆ ಫೋನು ಮಾಡಿ, "ಹೋಗಬೌದು" ಎಂದೆ.

"ಖರೇ?"

"ಖರೇ."



ಭಾನುವಾರ ಬೆಳಿಗ್ಗೆ ಅವಳ ಅಮ್ಮಿ ಮತ್ತು ನಾನು ಸೇರಿ ಅವಳನ್ನು ಸೀಟಿಗೆ ಹತ್ತಿಸಿದೆವು. ಅಮ್ಮಿ ಬಾಗಿಲು ಹಾಕಿ, ಕಿಟಕಿಯಿಂದ ಒಳಗೆ ಬಗ್ಗಿ, "ಬೇಟಿ, ನನಗೆ ನಿನ್ನ ಮ್ಯಾಲೆ ಭರೋಸಾ ಐತೆ, ಈ ಗಾಡಿ ಮ್ಯಾಲೆ ಇಲ್ಲ" ಎಂದರು.

"ಅಮ್ಮಿ, ಗಾಡಿನೇ ವಾಸಿ, ಇವಳೇ ಸರಿಗಿಲ್ಲ" ಎಂದಳು ಗೆಳತಿ. ಹೊಸ ದುಪಟ್ಟಾ ಹಾಕಿದ್ದಳು. ಊರು ದಾಟುವವರೆಗೆ ಅವಳು ಎರಡೂ ಕಡೆ ನೋಡುತ್ತ, ಯಾವ ಅಂಗಡಿ ಬಣ್ಣ ಬಳಿಸಿಕೊಂಡಿದೆ, ಯಾವುದು ಮುಚ್ಚಿದೆ ಎಂದೆಲ್ಲ ಹೇಳುತ್ತಿದ್ದಳು. ಪ್ರತಿ ಉಬ್ಬಿಗೂ ನಾನು ಅವಳ ಮುಖ ನೋಡುತ್ತಿದ್ದೆ. "ರಸ್ತೆ ನೋಡು, ನನ್ನ ಮುಖದಾಗ ಗುಂಡಿ ಇಲ್ಲ" ಎಂದು ಬೈದಳು.

ನಾಲೆಯ ಏರಿಯಿಂದ ಗುಡ್ಡದ ಕಡೆ ಇಳಿಯುವ ತಿರುವಿನಲ್ಲಿ ಬ್ರೇಕು ಹಾಕಿದೆ.

ದಾರಿ ಇರಲಿಲ್ಲ. ನಿನ್ನೆ ಬಿರುಕು ಬಿಟ್ಟಿದ್ದ ಎರೆಮಣ್ಣಿನ ಮೇಲೆ ನೀರು ಹೊಳೆಯುತ್ತಿತ್ತು. ಬೇಸಿಗೆ ಭತ್ತಕ್ಕೆ ನಾಲೆಗೆ ನೀರು ಬಿಟ್ಟಿದ್ದರು. ಅದು ರಾತ್ರಿಯಲ್ಲಿ ಈ ಕೊನೆಯ ಕಾಲುವೆಯವರೆಗೆ ಬಂದಿತ್ತು; ಮೇಲಿನ ಗದ್ದೆ ತುಂಬಿದ ಮೇಲೆ ಗದ್ದೆಯವರು ದಾರಿಯನ್ನು ಅಡ್ಡ ಕಡಿದು ನೀರನ್ನು ಕೆಳಗಿನ ಗದ್ದೆಗೆ ಹರಿಸಿದ್ದರು. ನೀರು ಬಿಡುವ ಮಾತು ಅಪ್ಪನ ಅಂಗಡಿಯಲ್ಲಿ ಆ ವಾರವೆಲ್ಲ ಇತ್ತು. ಬಂದವರೆಲ್ಲ ಅದನ್ನೇ ಆಡಿ, ಅದಕ್ಕೇ ಪೈಪು ಕೊಂಡು ಹೋಗಿದ್ದರು. ನಾನು ದಾರಿಗೆ ಕೆಡುಕು ಮೇಲಿನಿಂದ ಮಾತ್ರ ಬರುತ್ತದೆ ಎಂಬಂತೆ ಆಕಾಶ ನೋಡಿ ಬಂದಿದ್ದೆ.

ಚಪ್ಪಲಿ ಬಿಟ್ಟು ಇಳಿದು ನೋಡಿದೆ. ಮೀನಖಂಡದವರೆಗೆ ಹೂತೆ. ಆಚೆಯ ದಡ ಕೂಗಿದರೆ ಕೇಳಿಸುವಷ್ಟು ಹತ್ತಿರ. ಅಲ್ಲಿಂದಾಚೆ ಒಣ ಕಲ್ಲು, ನನ್ನ ಸುಣ್ಣದ ಮೊದಲ ಬೊಟ್ಟು ಕಾಣಿಸುತ್ತಿತ್ತು.

ಹತ್ತಿರದ ಮಡಿಯಲ್ಲಿ ಸಸಿ ಕೀಳುತ್ತಿದ್ದ ಹೆಂಗಸೊಬ್ಬರು ಸೊಂಟಕ್ಕೆ ಕೈಯಿಟ್ಟು ಎದ್ದರು. "ಎಲ್ಲಿಗವ್ವ, ಗಾಡಿ ತಗಂಡು?"

"ಗುಡ್ಡಕ್ಕೆ."

"ಗುಡ್ಡಕ್ಯಾಕ? ಅಲ್ಲೇನೈತೆ?"

ಗಾಡಿಯೊಳಗಿಂದ ಗೆಳತಿ ಕೂಗಿದಳು. "ಅದನ್ನೇ ನೋಡಾಕ ಬಂದೀವಿ!"

ಆಕೆ ನಕ್ಕರು. "ನಾಟಿ ಮುಗಿಯೋಮಟ ಈ ದಾರಿ ಇಲ್ಲ ಅಂದ್ಕಳ್ರಿ. ಬೇಕಾರೆ ನಮ್ಮನೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಸ್ತೀನಿ."

ಹಗ್ಗ ಬಿಗಿಯಾಗುವಾಗಿನ ಮೊದಲ ಎಳೆತ ನನಗೆ ಗೊತ್ತಿತ್ತು. ಬೇಡವೆಂದು ಹೇಳಿ ಗಾಡಿಯ ಹತ್ತಿರ ಬಂದೆ. ಗೆಳತಿ ಕಿಟಕಿಯ ಚೌಕಟ್ಟಿಗೆ ಗಲ್ಲ ಊರಿ ಕೆಸರನ್ನೇ ನೋಡುತ್ತಿದ್ದಳು.

"ಜೋರಾಗಿ ಬಿಟ್ರೆ ದಾಟತೈತೆ" ಎಂದಳು.

"ದಾಟತೈತೆ."

"ಮತ್ತೆ?"

ಅದೇ ತೊಡಕು. ಹಿಂದಿನ ಎರಡೇ ಗಾಲಿ ದೂಡುವ ಗಾಡಿ ಎರೆಯ ಕೆಸರನ್ನು ದಾಟಬೇಕಾದರೆ ಏರಿಯಿಂದಲೇ ಓಟ ತೆಗೆದುಕೊಂಡು, ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ನುಗ್ಗಬೇಕು. ನಿಧಾನವಾದರೆ ಅಲ್ಲೇ ಕೂರುತ್ತದೆ. ನುಗ್ಗಿದರೆ ಕೆಸರಿನಡಿಯ ಕಡಿದ ಕಾಲುವೆಗೆ ಮುಂದಿನ ಗಾಲಿ ಬೀಳುತ್ತದೆ. ಕೆಸರು ಕೇಳುವುದು ವೇಗ. ಅವಳ ಬೆನ್ನು ಕೇಳುವುದು ಇರುವೆಯ ನಡೆ.

"ನೀನು ಇಳಿದು ಏರಿ ಮ್ಯಾಲೆ ಕೂತ್ರೆ ದಾಟಿಸ್ತೀನಿ."

"ಭಾಳ ಚೆನ್ನಾಗೈತೆ. ಗಾಡಿ ಗುಡ್ಡ ನೋಡ್ಕಂಡು ಬರಲಿ, ನಾನು ಇಲ್ಲಿ ಎಮ್ಮೆ ನೋಡ್ತಿರ್ತೀನಿ." ನಗು ಅರ್ಧಕ್ಕೇ ನಿಂತಿತು. "ಲೇ, ಒಂದೇ ಸಲ. ನೋವಾದ್ರೆ ನನಗಾಗತೈತೆ. ನಿನಗಲ್ಲ."

ಅವಳು ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೆ. ಎಂಜಿನ್ ಚಾಲೂ ಇತ್ತು. ಒಂದು ಕ್ಷಣ ಏರಿಯವರೆಗೆ ಹಿಂದಕ್ಕೆ ಹೋಗಲು ಎಷ್ಟು ಜಾಗವಿದೆ ಎಂದು ಕನ್ನಡಿಯಲ್ಲಿ ನೋಡಿಯೂ ಬಿಟ್ಟೆ. ಆಮೇಲೆ ಎಂಜಿನ್ ಆರಿಸಿದೆ.

"ಬ್ಯಾಡ" ಎಂದೆ.

ಅವಳು ವಾದ ಮಾಡಲಿಲ್ಲ. ಕೈಯಲ್ಲಿದ್ದ ದುಪಟ್ಟಾದ ತುದಿಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಕಾಲುವೆಯ ನೀರು ಗದ್ದೆಗೆ ಬೀಳುವ ಸದ್ದು ಕೇಳಿಸುತ್ತಿತ್ತು. ಬೆಳ್ಳಕ್ಕಿಗಳು ದಾರಿಯ ಮೇಲೆಯೇ ಇಳಿದು ಓಡಾಡುತ್ತಿದ್ದವು, ಅದು ಎಂದಿನಿಂದಲೂ ಗದ್ದೆಯೇ ಆಗಿತ್ತೇನೋ ಎಂಬಂತೆ.

ಆಮೇಲೆ ಕೇಳಿದಳು. "ನಿನ್ನೆ ಮ್ಯಾಲೆ ಹೋಗಿದ್ಯಲ್ಲ. ಏನು ಕಾಣ್ತು?"

"ನೋಡ್ಲಿಲ್ಲ."

"ಸುಳ್ಳು."

"ಬಂಡೆ ಕೆಳಗಿಂದ ತಿರುಗಿಸ್ಕಂಡು ಬಂದೆ."

ಅವಳು ನನ್ನ ಕಡೆ ಪೂರ್ತಿ ತಿರುಗಲಾರಳು, ಬೆಲ್ಟು ಬಿಡುವುದಿಲ್ಲ. ಕಣ್ಣು ಮಾತ್ರ ತಿರುಗಿಸಿದಳು. "ನಾಕು ಹೆಜ್ಜೆ ಹತ್ತಾಕ ಏನಾಗಿತ್ತು?"

ಉತ್ತರ ಅವಳಿಗೆ ಗೊತ್ತಿತ್ತು.

"ಹುಚ್ಚಿ" ಎಂದಳು ಮೆಲ್ಲಗೆ. "ಇಬ್ರಾಗೆ ಒಬ್ರಾದ್ರೂ ನೋಡಬೇಕಿತ್ತಲ್ಲೇ."

ಚಹಾ ತಂದಿದ್ದೆ. ಇಬ್ಬರೂ ಕುಡಿದೆವು. ಹೊರಡುವ ಮೊದಲು ಕಾಲಿನ ಕೆಸರು ತೊಳೆಯಲು ನಾನು ಕಾಲುವೆಗೆ ಇಳಿದಾಗ, ಸಸಿ ಕೀಳುತ್ತಿದ್ದ ಆ ಹೆಂಗಸು ಗಾಡಿಯ ಕಡೆ ಗಲ್ಲ ಎತ್ತಿ, "ಆ ಹುಡುಗಿಗೆ ಏನಾಗೈತವ್ವ?" ಎಂದು ಕೇಳಿದರು. ಹೇಳಿದೆ. ಆಕೆ ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಡಿದು ಬೇರಿನ ಮಣ್ಣು ತೊಳೆಯುತ್ತ, "ಗುಡ್ಡದ ಆ ಮಗ್ಗಲಿಂದ ಮೊದಲು ಜಲ್ಲಿ ಲಾರಿ ಓಡಾಡ್ತಿದ್ವು. ಕ್ವಾರಿ ನಿಂತು ಭಾಳ ವರ್ಷ ಆತು. ಈಗ ಹೆಂಗೈತೋ, ಏನು ಬೆಳೆದೈತೋ" ಎಂದರು.

ಇದನ್ನು ನಾನು ಗಾಡಿಗೆ ಬಂದು ಹೇಳಲಿಲ್ಲ. ಒಂದು ಸಲ ನೋಡದ ದಾರಿಗೆ ಹ್ಞೂಂ ಅಂದಾಗಿತ್ತು.

ಹರಿಹರಕ್ಕೆ ವಾಪಸು ಬರುವಾಗ ಅವಳು ಕಿಟಕಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಅಲ್ಲ ಎಂದು ಗೊತ್ತಿತ್ತು. ಉಬ್ಬಿಗೆ ಗಾಡಿ ನಿಧಾನವಾದಾಗಲೇ ಬಾಗಿಲಿನ ಹಿಡಿಯನ್ನು ಬಿಗಿ ಹಿಡಿಯುತ್ತಿದ್ದಳು. ಮನೆಯ ಮುಂದೆ ಅಮ್ಮಿ ಕಾಯುತ್ತಿದ್ದರು. "ಹೆಂಗಿತ್ತು?" ಎಂದರು.

"ಗದ್ದೆ ಚೆನ್ನಾಗಿತ್ತು ಅಮ್ಮಿ" ಎಂದು ಹೇಳಿ ಅವಳು ಮೆಲ್ಲಗೆ ಒಳಗೆ ಹೋದಳು. ಹೊಸ್ತಿಲಲ್ಲಿ ವಾಕರ್ ಎತ್ತಿ ಇಡುವಾಗ ಒಮ್ಮೆ ನಿಂತಳು. ತಿರುಗಿ ನೋಡಲಿಲ್ಲ.

ಮಾರನೆಯ ದಿನ ಸೋಮವಾರ, ಅವಳು ಹೊರಡಲು ಇನ್ನು ಮೂರು ದಿನ. ಮೊದಲ ಪಾಠಕ್ಕೆ ಬರಲಾಗುವುದಿಲ್ಲ ಎಂದು ಕಾಲೇಜಿಗೆ ತಿಳಿಸಿದೆ; ಕಾರಣ ಬರೆಯಲಿಲ್ಲ. ಅಪ್ಪನಿಗೆ ಗಾಡಿ ಬೇಕಿತ್ತು, ಹಾಗಾಗಿ ನನ್ನ ಸ್ಕೂಟರಿನಲ್ಲೇ ಹೊರಟು, ಹರಿಹರ ದಾಟಿ, ಗುಡ್ಡವನ್ನು ಬಳಸಿಕೊಂಡು ಅದರ ಹಿಂದಿನ ಮಗ್ಗುಲಿಗೆ ಹೋದೆ. ಜಾಲಿ ಬೆಳೆದು ಮುಚ್ಚಿದ್ದರೂ ಲಾರಿಗಳ ದಾರಿಯ ಅಗಲ ಗೊತ್ತಾಗುತ್ತಿತ್ತು. ಸ್ಕೂಟರ್ ನಿಲ್ಲಿಸಿ, ಮನೆಯಿಂದ ತಂದಿದ್ದ ಕುಡುಗೋಲು ಹಿಡಿದುಕೊಂಡು, ಬುಡದಿಂದ ಒಂದೊಂದೇ ಹೆಜ್ಜೆ ನೋಡುತ್ತ ಹತ್ತತೊಡಗಿದೆ.